ಗೆಳತಿ ಅಂತ ನಿಲ್ಲಿಸಬೇಡ

ನನ್ನ ಮಗಳ ಡಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಪಾನಿ ಹೆಂಗಸೊಬ್ಬಳಿದ್ದಾಳೆ. ಇಲ್ಲಿ ಗೋಥೆನ್‌ಬರ್ಗ್‌ನಲ್ಲಿ ಶಿಶುವಿಹಾರಕ್ಕೆ ಡಾಗಿಸ್ ಅನ್ನುತ್ತಾರೆ. ಚಳಿಗಾಲ ಕಾಲಿಡುತ್ತಿದ್ದ ದಿನಗಳು. ಮಗಳನ್ನು ಕರೆತರಲು ಹೋದಾಗ ಆಕೆ ಅವಳ ಬೂಟಿನ ಪಟ್ಟಿ ಬಿಗಿಯುತ್ತ, ತಲೆ ಎತ್ತದೆ ಕೇಳಿದಳು: "ನೀನು ಫೋಟೋ ತೆಗೀತೀಯಂತಲ್ಲ. ನನ್ನದು ತೆಗೀತೀಯಾ?"

"ಪಾಸ್‌ಪೋರ್ಟಿಗಾ?" ಎಂದೆ.

"ಅಲ್ಲ. ನಾನು ಮಾಡೆಲ್."

ಇವತ್ತು ನಿನ್ನ ಮಗಳು ಆಲೂಗೆಡ್ಡೆ ಪೂರ್ತಿ ತಿಂದಳು ಎಂದು ವರದಿ ಒಪ್ಪಿಸುವ ಅದೇ ದನಿಯಲ್ಲಿ ಹೇಳಿದಳು. ನಲವತ್ತು ದಾಟಿದ, ಕುಳ್ಳಗಿನ, ಮೊಣಕಾಲಿನ ಮೇಲೆ ಯಾವುದೋ ಮಗುವಿನ ಗಂಜಿ ಮೆತ್ತಿಕೊಂಡಿದ್ದ ಈ ಹೆಂಗಸು ಮಾಡೆಲ್ ಎಂದರೆ ನಂಬುವುದು ಹೇಗೆ? ನಾನೇನು ದೊಡ್ಡ ಫೋಟೋಗ್ರಾಫರ್ ಅಲ್ಲ. ಈ ಊರಿನ ಕನ್ನಡಿಗರ ಸೀಮಂತ, ನಾಮಕರಣ, ಈದ್ ಊಟ, ದೀಪಾವಳಿ, ಯಾರ ಮನೆಯಲ್ಲಿ ಬಿರಿಯಾನಿ ಬೆಂದರೂ ಬಿಸಿಬೇಳೆ ಬೆಂದರೂ ಅಲ್ಲಿ ಕ್ಯಾಮೆರಾ ಹಿಡಿದುಕೊಂಡು ನಾನಿರುತ್ತೇನೆ. ಅಷ್ಟೇ ನನ್ನ ಕಸುಬು.

ಆಕೆ ಫೋನು ತೆಗೆದು ತೋರಿಸಿದಳು. ಟೋಕಿಯೋದ ಹರಾಜುಕು ಎಂಬ ಪೇಟೆಯ ರಸ್ತೆಗಳು. ಎಲ್ಲ ಚಿತ್ರಗಳಲ್ಲೂ ಒಬ್ಬಳೇ ಹುಡುಗಿ, ಒಂದರಲ್ಲಿ ಇದ್ದಂತೆ ಇನ್ನೊಂದರಲ್ಲಿಲ್ಲ. ಒಂದರಲ್ಲಿ ಅಜ್ಜನ ಕೋಟಿಗೆ ಕಿಮೋನೋದ ಪಟ್ಟಿ ಬಿಗಿದಿದ್ದಾಳೆ, ಇನ್ನೊಂದರಲ್ಲಿ ಎರಡು ಬೇರೆ ಬೇರೆ ಬೂಟು. ಯಾವುದರಲ್ಲೂ ನಗುತ್ತಿಲ್ಲ. ಅಷ್ಟು ಗಂಭೀರವಾಗಿ ನಿಂತ ಹುಡುಗಿಯನ್ನು ನಾನು ಯಾವ ಮದುವೆಯಲ್ಲೂ ನೋಡಿರಲಿಲ್ಲ. ನೋಡುತ್ತ ನೋಡುತ್ತ ನಾಚಿಕೆಯಾಯಿತು, ಪಾಸ್‌ಪೋರ್ಟಿಗಾ ಎಂದು ಕೇಳಿದ್ದಕ್ಕೆ.

ವಿಷಯ ಇಷ್ಟು. ಈ ಊರಿನಲ್ಲೇ ಸಣ್ಣದಾಗಿ ಬಟ್ಟೆಯ ಕಂಪನಿ ನಡೆಸುವ ವಿನ್ಯಾಸಗಾರ್ತಿಯೊಬ್ಬಳು ಆ ಹಳೆಯ ಚಿತ್ರಗಳನ್ನು ಎಲ್ಲೋ ನೋಡಿ, ಮುಂದಿನ ವರ್ಷದ ತನ್ನ ಬಟ್ಟೆಗಳಿಗೆ ಮಾಡೆಲ್ ಆಗುತ್ತೀಯಾ ಎಂದು ಕೇಳಿದ್ದಳು. ಕ್ರಿಸ್‌ಮಸ್‌ಗೆ ಮುಂಚೆ ಈಗಿನ ಫೋಟೋ ಬೇಕಂತೆ. ಆದರೆ ಹಿಂದಿನ ವರ್ಷ ಒಂದು ಬೆಳಿಗ್ಗೆ ಎದ್ದಾಗ ಆಕೆಯ ಮುಖದ ಎಡಭಾಗ ಸ್ವಾಧೀನದಲ್ಲಿರಲಿಲ್ಲ. ವೈದ್ಯರು ತಾನಾಗಿ ವಾಪಸು ಬರುತ್ತದೆ ಎಂದರು, ಬಹುಪಾಲು ಬಂತು ಕೂಡ. ಆದರೂ ಎಡಗಣ್ಣಿನ ರೆಪ್ಪೆ ಬಲಗಣ್ಣಿಗಿಂತ ತುಸು ತಡವಾಗಿ ಮುಚ್ಚುತ್ತಿತ್ತು. ನಕ್ಕರೆ ತುಟಿಯ ಎಡತುದಿ ಅಲ್ಲೇ ನಿಂತಿರುತ್ತಿತ್ತು.

"ಅದಾದ ಮೇಲೆ ಕ್ಯಾಮೆರಾ ಮುಂದೆ ನಿಂತಿಲ್ಲ" ಎಂದಳು. "ಒಂದ್ಸಲ ನಿಂತು ನೋಡ್ಬೇಕು. ಆಗ್ಲಿಲ್ಲ ಅಂದ್ರೆ ಈ ಕೆಲಸ ಮುಗೀತು ಅಂದ್ಕೊಂಡು ಬಿಟ್ಟುಬಿಡ್ತೀನಿ. ಹದಿನೇಳನೇ ವಯಸ್ಸಿಂದ ಮಾಡಿದ್ದು. ಸುಮ್ನೆ ಬಿಡೋಕೆ ಆಗ್ತಿಲ್ಲ."

ನಾನು ಒಪ್ಪಿಕೊಂಡೆ. ಆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿದ ಹಾಲ್ ಕಾದಿರಿಸಿ, ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಎರಡು ಲೈಟು ನಿಲ್ಲಿಸಿದೆ. ಆಕೆ ಸೂಟ್‌ಕೇಸಿನೊಂದಿಗೆ ಬಂದಳು. ಸಹಾಯಕ್ಕೆ ಬರಲಾ ಎಂದರೆ ಬೇಡವೆಂದು ಬಾಗಿಲು ಹಾಕಿಕೊಂಡು ಒಬ್ಬಳೇ ಬಟ್ಟೆ ಬದಲಿಸಿದಳು. ಹೊರಗೆ ಬಂದಾಗ ಉದ್ದನೆಯ ಬೂದು ಕೋಟು, ಅದರ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು. ಕಾಲರ್ ಒಂದು ಕಡೆ ಮೇಲೆದ್ದಿತ್ತು.

ಇಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ತುಮಕೂರಿನಲ್ಲಿ ನನ್ನ ಅಬ್ಬನಿಗೆ ಸ್ಟುಡಿಯೋ ಇತ್ತು. ಕ್ಯಾಮೆರಾ ಮುಂದೆ ಕೂತವರ ಸೆರಗು ಸರಿಮಾಡುವುದು, ಜಡೆ ಮುಂದಕ್ಕೆ ಹಾಕುವುದು, ಗದ್ದ ಹಿಡಿದು ಇಷ್ಟೇ ಇಷ್ಟು ಕೆಳಗಿಳಿಸುವುದು, ಇದನ್ನೆಲ್ಲ ಲೈಟು ಹಾಕುವುದಕ್ಕಿಂತ ಮೊದಲು ಕಲಿತವಳು ನಾನು. ಇಲ್ಲಿನ ಮದುಮಕ್ಕಳೂ ಸೀಮಂತದ ಹೆಣ್ಣುಮಕ್ಕಳೂ ಅದಕ್ಕೇ ನನ್ನನ್ನು ಕರೆಯುತ್ತಾರೆ. ಮಾತಾಡುತ್ತಲೇ ಆಕೆಯ ಗುಂಡಿಗಳನ್ನೆಲ್ಲ ಬಿಚ್ಚಿ ಸರಿಯಾದ ಮನೆಗೆ ಹಾಕಿ, ಕಾಲರ್ ಮಡಿಸಿ ಕೂರಿಸಿಬಿಟ್ಟೆ. ಆಕೆ ನನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ನಂತರ ಭುಜ ಹಿಡಿದು ಒಳ್ಳೆಯ ಪಕ್ಕ, ಅಂದರೆ ಬಲಪಕ್ಕ, ಕ್ಯಾಮೆರಾಕ್ಕೆ ತಿರುಗಿಸಿದೆ. ಲೈಟನ್ನು ಆ ಕಡೆಗೇ ಸರಿಸಿದೆ. ಮೊಣಕಾಲವರೆಗೆ ಚೌಕಟ್ಟು ಹಾಕಿ, ಅಭ್ಯಾಸಬಲದಿಂದ "ಸ್ವಲ್ಪ ನಗಿ" ಎಂದೂ ಹೇಳಿದೆ. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಫೋಟೋಗಳು ಚೆನ್ನಾಗಿ ಬಂದವು. ಆಕೆ ಕ್ಯಾಮೆರಾದ ಪರದೆಯಲ್ಲಿ ಒಂದೊಂದನ್ನೂ ದಾಟಿಸಿ ನೋಡಿ, "ಚೆನ್ನಾಗಿದೆ. ಇದರಲ್ಲಿ ನಾನಿಲ್ಲ ಅಷ್ಟೆ" ಎಂದಳು. ಸೂಟ್‌ಕೇಸು ಮುಚ್ಚಿದಳು.

ಹಾಗೇ ಕಳಿಸಲು ಮನಸ್ಸಾಗದೆ ಮೇಲೆ ಮನೆಗೆ ಕರೆದುಕೊಂಡು ಹೋದೆ. ಚಹಾ ಮಾಡಿದೆ. ಸ್ವೀಡನ್ನಿನವರ ಫಿಕಾ ಅಂದರೆ ಕಾಫಿಯ ನೆಪದಲ್ಲಿ ಕೂತು ಹರಟುವುದು. ನಮ್ಮ ಮನೆಯ ಫಿಕಾದಲ್ಲಿ ಏಲಕ್ಕಿ ಚಹಾ, ಖಾರದ ಅವಲಕ್ಕಿ. ಆಕೆ ಅವಲಕ್ಕಿಯನ್ನು ಒಂದೊಂದೇ ಎಸಳಾಗಿ ತಿನ್ನುತ್ತ, ಸ್ವೀಡಿಷ್ ಇಂಗ್ಲಿಷ್ ಎರಡನ್ನೂ ಕಲಸಿ ತನ್ನ ಕೆಲಸ ಎಂಥದ್ದೆಂದು ಹೇಳಿದಳು. ನನಗೆ ಆ ಕೆಲಸದ ತಲೆಬುಡ ಅರ್ಥವಾದದ್ದು ಆವತ್ತೇ.

ಆಕೆ ಕರೆದ ಕಡೆ ಹೋಗಿ ನಿಂತು ಶುರುಮಾಡಿದ ಮಾಡೆಲ್ ಅಲ್ಲ. ಟೋಕಿಯೋದಿಂದ ದೂರದ ಸಣ್ಣ ಊರಿನಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನ ಶೌಚಾಲಯದಲ್ಲಿ ಬಟ್ಟೆ ಬದಲಿಸಿ, ಹರಾಜುಕುವಿನ ರಸ್ತೆಗೆ ಇಳಿಯುತ್ತಿದ್ದಳು. ಅಲ್ಲಿ ಪತ್ರಿಕೆಗಳ ಫೋಟೋಗ್ರಾಫರುಗಳು ಓಡಾಡುತ್ತಿರುತ್ತಾರೆ. ಅವರಲ್ಲೊಬ್ಬರು ಬಂದು, ದಯವಿಟ್ಟು ಒಂದು ಫೋಟೋ ತೆಗೆಯಬಹುದಾ ಎಂದು ಕೇಳಬೇಕು. ಕೇಳಿದರೆ ಆ ದಿನ ನೀನು ಮಾಡೆಲ್. ಕೇಳದಿದ್ದರೆ ರೈಲು ಹತ್ತಿ ಮನೆಗೆ ಹೋಗಬೇಕು, ಮುಂದಿನ ವಾರ ಏನಾದರೊಂದನ್ನು ಬದಲಿಸಿಕೊಂಡು ಮತ್ತೆ ಬರಬೇಕು. ಕಾಯುತ್ತಿದ್ದೀಯೆಂದು ಯಾರಿಗೂ ಗೊತ್ತಾಗಕೂಡದು. ಎಲ್ಲಿಗೋ ಹೋಗುವವಳ ಹಾಗೆ ನಡೆಯಬೇಕು. ಮುಂದೆ ಅಂಗಡಿಗಳು, ಕಂಪನಿಗಳು ಆಕೆಗೆ ಬಟ್ಟೆ ಕೊಟ್ಟು ಕರೆದವು, ಪತ್ರಿಕೆಯ ಪುಟಗಳಲ್ಲಿ ಹೆಸರು ಬಂತು. ಆದರೂ ಆಕೆ ವಾರಕ್ಕೊಮ್ಮೆ ರಸ್ತೆಗಿಳಿಯುವುದನ್ನು ಬಿಡಲಿಲ್ಲ. ಸ್ವೀಡನ್ನಿನವನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೂ, ಮುಖ ಕೈಕೊಡುವವರೆಗೆ, ಇಲ್ಲಿನ ರಸ್ತೆಗಳಲ್ಲಿ ಅದನ್ನೇ ಮಾಡುತ್ತಿದ್ದಳಂತೆ.

"ಗುಂಡಿ ತಪ್ಪಿ ಹಾಕಿದ್ದು ಬೇಕು ಅಂತಲೇನಾ?" ಎಂದು ಮೆಲ್ಲಗೆ ಕೇಳಿದೆ.

"ಬೆಳಿಗ್ಗೆಯಿಂದ ಕೂತು ಹಾಕಿದ್ದು" ಎಂದಳು. ಆಮೇಲೆ ಇಬ್ಬರೂ ನಕ್ಕೆವು. ಮೊದಲ ಬಾರಿ ಆಕೆ ನನ್ನೆದುರು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು.

"ನೀನು ನನ್ನ ಮುಖ ನೋಡಿದೆ" ಎಂದಳು. "ಯಾವ ಪಕ್ಕ ಮುಚ್ಚಬೇಕು ಅಂತ ನೋಡಿದೆ. ತಪ್ಪಿಲ್ಲ, ಪ್ರೀತಿಯಿಂದಲೇ ನೋಡಿದೆ. ಆದ್ರೆ ನನಗೆ ಅದು ಬೇಡ. ಒಂದ್ ಕೆಲಸ ಮಾಡೋಣ. ಶನಿವಾರ ಮಧ್ಯಾಹ್ನ ನೀನು ಕ್ಯಾಮೆರಾ ತಗೊಂಡು ಪೇಟೇಲಿ ನಿಂತಿರು. ನಾನು ಬರ್ತೀನಿ. ಗುರುತಿಲ್ಲದವಳು ಹಾಗೆ ಬಂದಿದ್ರೆ ನಿಲ್ಲಿಸಿ ಕೇಳ್ತಿದ್ದೆಯಾ, ಹಾಗಿದ್ರೆ ಮಾತ್ರ ನಿಲ್ಲಿಸು. ಗೆಳತಿ ಅಂತ ನಿಲ್ಲಿಸಬೇಡ. ಪಾಪ ಅಂತಲೂ ಬೇಡ."

ಕೇಳುವಾಗ ಸಲೀಸಾಗಿ ಕಂಡಿತು. ಹೂಂ ಎಂದುಬಿಟ್ಟೆ.

ಹೊಸ ಕಸುಬನ್ನು ಕಲಿಯತೊಡಗಿದೆ. ರಸ್ತೆಯ ಚಿತ್ರಕ್ಕೆ ಪಾದ ಬೇಕೇ ಬೇಕು, ಬೂಟು ಕತ್ತರಿಸಿದರೆ ಅರ್ಧ ಉಡುಪೇ ಹೋಯಿತು. ಕ್ಯಾಮೆರಾವನ್ನು ಕಣ್ಣಿನ ಮಟ್ಟದಿಂದ ಸೊಂಟದ ಮಟ್ಟಕ್ಕೆ ಇಳಿಸಬೇಕು, ಇಲ್ಲದಿದ್ದರೆ ಕುಳ್ಳಗಿನವರು ಇನ್ನೂ ಕುಳ್ಳಗಾಗುತ್ತಾರೆ. ಹಿಂದೆ ಬರಿಗೋಡೆ ಇರಬೇಕು. ಜೂಮ್ ಇರದ ಲೆನ್ಸು ಹಾಕಿಕೊಂಡು, ಹತ್ತಿರ ದೂರವನ್ನೆಲ್ಲ ಕಾಲಿನಿಂದಲೇ ಸರಿಮಾಡಬೇಕು. ಮೈ ಮುಟ್ಟುವಂತಿಲ್ಲ, ನಗು ಎನ್ನುವಂತಿಲ್ಲ. ಕೈಗಳನ್ನು ಹತೋಟಿಗೆ ತರಲು ಊಟದ ಹೊತ್ತಿನಲ್ಲಿ ಮಗಳ ಫೋಟೋ ತೆಗೆದು ಅಭ್ಯಾಸ ಮಾಡಿದೆ. ಬಾಯಿ ಒರೆಸಲು ಕೈ ಮುಂದೆ ಹೋದರೆ ಅವಳು ಸ್ವೀಡಿಷ್‌ನಲ್ಲಿ ಬೇಡ ಎಂದು ಗದರುತ್ತಿದ್ದಳು. ಒಳ್ಳೆಯ ಗುರುವೇ ಸಿಕ್ಕಿದ್ದಳು.

ಜಾಗ ಆರಿಸಿದ್ದು ಯಾರ್ನ್‌ತೋರ್ಯೆಟ್ ಎಂಬ ಚೌಕವನ್ನು. ಹಲವು ಟ್ರಾಮುಗಳು ಅಲ್ಲಿ ಬಂದು ಸೇರುತ್ತವೆ, ಜನ ಇಳಿದು ಹರಿದುಹೋಗುತ್ತಾರೆ. ಮೋಡ ಮುಚ್ಚಿದ ಚಳಿಗಾಲದ ಮಧ್ಯಾಹ್ನದ ಬೆಳಕು ಎಲ್ಲೂ ನೆರಳು ಬೀಳಿಸುವುದಿಲ್ಲ, ಸ್ಟುಡಿಯೋದ ಬೆಳಕಿಗಿಂತ ಮೆತ್ತಗಿರುತ್ತದೆ. ಒಂದೇ ತೊಂದರೆ, ಬೇಗ ಕತ್ತಲಾಗುತ್ತದೆ.

ಮೊದಲ ಶನಿವಾರ ಆಕೆ ಟ್ರಾಮಿನಿಂದ ಇಳಿದದ್ದನ್ನು ದೂರದಿಂದಲೇ ಕಂಡೆ. ಹದಿನೇಳರ ಹುಡುಗಿ ತೊಟ್ಟಿದ್ದ ಅದೇ ಅಜ್ಜನ ಕೋಟು, ಅದೇ ಕಿಮೋನೋದ ಪಟ್ಟಿ. ಫೋನಿನಲ್ಲಿ ನೋಡಿ ನಾನು ಮೆಚ್ಚಿದ್ದ ಉಡುಪು. ಕ್ಯಾಮೆರಾ ಎತ್ತಬೇಕೆಂದು ಕೈ ಹೋಯಿತು, ಕಣ್ಣು ಒಪ್ಪಲಿಲ್ಲ. ಉಡುಪು ಮುಂದೆ ನಡೆಯುತ್ತಿತ್ತು, ಆಕೆ ಅದರ ಹಿಂದೆ ಎಲ್ಲೋ ಉಳಿದುಬಿಟ್ಟಿದ್ದಳು. ಹಳೆಯ ಚಿತ್ರವನ್ನು ನೋಡಿ ನಕಲು ಮಾಡಿದಂತಿತ್ತು. ಗುರುತಿಲ್ಲದವಳಾಗಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲ. ಆಕೆ ನನ್ನ ಮುಂದೆಯೇ ಹಾದುಹೋದಳು, ನನ್ನ ಕಡೆ ತಿರುಗಲಿಲ್ಲ. ಚೌಕ ದಾಟಿ, ಸುತ್ತಿ ಬಂದು, ಮತ್ತೊಮ್ಮೆ ಹಾದಳು. ನಾನು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ. ಆಕೆ ಟ್ರಾಮು ಹತ್ತಿದಳು. ಕಿಟಕಿಯ ಪಕ್ಕ ಕೂತ ಆಕೆಯ ಬೆನ್ನು ನೋಡಿ ನನಗೆ ಅಳು ಬಂದುಬಿಟ್ಟಿತು.

ಸೋಮವಾರ ಡಾಗಿಸ್‌ನಲ್ಲಿ ಆಕೆ ಎಂದಿನಂತೆ ಮಗಳ ಟೋಪಿಯ ದಾರ ಕಟ್ಟಿ ಕೊಟ್ಟಳು. ಆ ಮಾತನ್ನೇ ಎತ್ತಲಿಲ್ಲ. ನಿಲ್ಲಿಸದವರನ್ನು ಯಾಕೆಂದು ಕೇಳುವ ಪದ್ಧತಿ ಹರಾಜುಕುವಿನಲ್ಲಿ ಇಲ್ಲವೆಂದು ಚಹಾದ ದಿನವೇ ಹೇಳಿದ್ದಳು.

ಎರಡನೇ ಶನಿವಾರದ ಉಡುಪು ನಿಜಕ್ಕೂ ಸೊಗಸಾಗಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು, ಒಂದೊಂದು ಪದರವೂ ಬೇರೆ ಬೇರೆ ಕಪ್ಪು. ಆದರೆ ಮೂಗಿನ ಮೇಲಿನವರೆಗೆ ದೊಡ್ಡ ಮಾಸ್ಕು, ಮೇಲೆ ಕಪ್ಪು ಕನ್ನಡಕ, ಹಣೆಗೆ ಇಳಿದ ಟೋಪಿ. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅಷ್ಟರಲ್ಲಿ ನನ್ನ ಕಣ್ಣು ಬಟ್ಟೆ ಬಿಟ್ಟು ಮಾಸ್ಕಿನ ಅಂಚಿಗೆ ಹೋಯಿತು. ಆ ಭಾನುವಾರ ನಾನು ಬಲಪಕ್ಕಕ್ಕೆ ಲೈಟು ಸರಿಸಿದ್ದೆನಲ್ಲ, ಆಕೆ ಈಗ ಅದೇ ಕೆಲಸವನ್ನು ಬಟ್ಟೆಯಲ್ಲಿ ಮಾಡಿಕೊಂಡು ಬಂದಿದ್ದಳು. ಹೆಜ್ಜೆ ಹಿಂದಕ್ಕಿಟ್ಟೆ. ಆಕೆ ಅದನ್ನು ಕಂಡಳೆಂದು ನನಗೆ ಗೊತ್ತು, ಏಕೆಂದರೆ ಆ ಸಲ ಸುತ್ತಿ ಬರದೆ ನೇರ ಹೊರಟುಹೋದಳು.

ಮನೆಯಲ್ಲಿ ನನ್ನ ಗಂಡ ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಅವನು ಇಲ್ಲಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್, ಬ್ರೇಕು ಪರೀಕ್ಷೆ ಮಾಡುವವನು. ನಡೆದದ್ದನ್ನೆಲ್ಲ ಕೇಳಿ ಸೌಟು ಕೆಳಗಿಟ್ಟ.

"ಅಲ್ವೇ, ಒಂದ್ ಫೋಟೋ ತೆಗೆದಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು? ಪಾಪ, ಆ ಕಂಪನಿಯವ್ರಿಗೆ ಕಳಿಸೋಕಾದ್ರೂ ಆಗ್ತಿತ್ತು."

"ಅವ್ರೇ ಹೇಳಿದ್ದಲ್ವಾ, ಹಾಗ್ ನಿಲ್ಲಿಸಬೇಡ ಅಂತ."

"ಹೇಳ್ತಾರಪ್ಪ. ಹೇಳಿದ್ದನ್ನೆಲ್ಲ ಹಾಗೇ ಮಾಡ್ಬೇಕಾ? ನೀನ್ ಒಳ್ಳೆ ಪರೀಕ್ಷೆ ಮೇಷ್ಟ್ರು ಆದೆ."

"ಬ್ರೇಕ್ ಹಿಡೀದೇ ಇದ್ರೂ ಪಾಸ್ ಅಂತ ಬರೀತೀರಾ ನೀವು?"

ಅವನು ಮತ್ತೆ ಸೌಟು ಎತ್ತಿಕೊಂಡ. ನಾನು ಗೆದ್ದೆ. ಆದರೂ ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ನಾನು ಹಿಡಿದುಕೊಂಡಿದ್ದು ಆಕೆಯ ಕೆಲಸದ ಮರ್ಯಾದೆಯನ್ನೋ, ನನ್ನ ಕಣ್ಣಿನ ಜಂಬವನ್ನೋ, ನನಗೇ ಸ್ಪಷ್ಟವಿರಲಿಲ್ಲ.

ಮುಂದಿನ ವಾರ ಆ ವಿನ್ಯಾಸಗಾರ್ತಿ ಬೇರೊಬ್ಬಳನ್ನು ಗೊತ್ತುಮಾಡಿಕೊಂಡಳು. ಫೋಟೋ ಬರಲಿಲ್ಲ, ಅವಳಿಗೆ ಕಾಯಲು ಆಗಲಿಲ್ಲ. ಗುರುವಾರ ಡಾಗಿಸ್‌ನ ಬಾಗಿಲಲ್ಲಿ ಆಕೆ ಇದನ್ನು ಎರಡೇ ವಾಕ್ಯದಲ್ಲಿ ಹೇಳಿದಳು. ಅಳುವ ಮಗುವೊಂದು ಆಕೆಯ ಸೊಂಟದ ಮೇಲಿತ್ತು. ಆಕೆಯ ಬದುಕಿನ ಒಂದು ಬಾಗಿಲನ್ನು ನಾನೇ ಎಳೆದು ಹಾಕಿದೆ ಅನ್ನಿಸಿತು.

"ನನ್ನಿಂದ ಹೀಗಾಯ್ತು" ಎಂದೆ.

"ನಾಳಿದ್ದು ಶನಿವಾರ ಬರ್ತೀಯಲ್ಲ?" ಎಂದಳು.

"ಫೋಟೋ ಕೇಳಿದವರೇ ಬೇಡ ಅಂದಮೇಲೆ?"

"ಅವರಿಗೂ ಶನಿವಾರಕ್ಕೂ ಏನ್ ಸಂಬಂಧ?" ಆಕೆ ಮಗುವನ್ನು ಸೊಂಟದ ಇನ್ನೊಂದು ಪಕ್ಕಕ್ಕೆ ಬದಲಿಸಿದಳು. "ನೀನು ಎರಡು ಸಲ ನಿಲ್ಲಿಸಲಿಲ್ಲ. ಎರಡು ಸಲವೂ ಮನೆಗೆ ಹೋಗಿ ಬೈಕೊಂಡೆ, ಆಮೇಲೆ ಕನ್ನಡಿ ನೋಡ್ದೆ. ಎರಡು ಸಲವೂ ನೀನು ಸರಿ. ಒಂದು ವರ್ಷದಿಂದ ಎಲ್ಲರೂ ನಿನ್ನ ಮುಖ ಚೆನ್ನಾಗಿದೆ, ಏನೂ ಗೊತ್ತಾಗೋದಿಲ್ಲ ಅಂತಲೇ ಹೇಳ್ತಿದ್ದಾರೆ. ನೀನೊಬ್ಬಳೇ ಸುಳ್ಳು ಹೇಳದೆ ಇದ್ದಿದ್ದು."

ಶನಿವಾರ ವಿಪರೀತ ಚಳಿ. ತೆಳ್ಳಗೆ ಹಿಮ ಬಿದ್ದಿತ್ತು. ಹಿಮವಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿಯಿದೆಯೆಂದು ಮೋಸಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ, ಅದನ್ನು ಮೊದಲೇ ಸರಿಮಾಡಿಕೊಂಡು ನಿಂತೆ. ಹೆಚ್ಚುವರಿ ಬ್ಯಾಟರಿಯನ್ನು ಸ್ವೆಟರಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಂಡಿದ್ದೆ, ಚಳಿಯಲ್ಲಿ ಬ್ಯಾಟರಿಗಳು ಬೇಗ ಸೋಲುತ್ತವೆ.

ಟ್ರಾಮಿನ ಬಾಗಿಲು ತೆರೆಯಿತು, ಆಕೆ ಇಳಿದಳು.

ಡಾಗಿಸ್‌ಗಳಲ್ಲಿ ಒಂಟಿ ಕೈಗವುಸುಗಳ ಪೆಟ್ಟಿಗೆಯೊಂದು ಇರುತ್ತದೆ. ಮಕ್ಕಳು ಒಂದನ್ನು ಕಳೆದುಕೊಂಡು ಇನ್ನೊಂದನ್ನು ಬಿಟ್ಟುಹೋಗುತ್ತಾರೆ, ಕೇಳುವವರಿರುವುದಿಲ್ಲ. ಆಕೆ ಅಂಥ ಪುಟ್ಟ ಪುಟ್ಟ ಉಣ್ಣೆಯ ಕೈಗವುಸುಗಳನ್ನು ಒಂದಕ್ಕೊಂದು ಹೊಲಿದು ಕತ್ತಿನಿಂದ ಭುಜದ ತುದಿಯವರೆಗೆ ಹರಡುವ ಕಾಲರ್ ಮಾಡಿಕೊಂಡಿದ್ದಳು. ಕೆಂಪು, ಸಾಸಿವೆ, ನೀಲಿ, ಎಲ್ಲದರ ಹೆಬ್ಬೆರಳುಗಳೂ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿದ್ದವು. ಕೆಳಗೆ ಅದೇ ಬೂದು ಕೋಟು, ಗುಂಡಿಗಳು ಮನೆ ತಪ್ಪಿ ಕೂತಿದ್ದವು. ಸೊಂಟಕ್ಕೆ ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ತೊಡಿಸುವ ಹೊಳೆಯುವ ಹಳದಿ ಪಟ್ಟಿ. ಕಾಲಿಗೆ ಕೆಸರಿನಲ್ಲಿ ಆಡುವಾಗ ತೊಡುವ ಕಡುಹಸಿರು ರಬ್ಬರಿನ ಪ್ಯಾಂಟು, ಹೊಳಪಿನ ಬೂಟು. ಕೂದಲನ್ನೆಲ್ಲ ಎಡಕಿವಿಯ ಹಿಂದಕ್ಕೆ ಎಳೆದು ಕಟ್ಟಿದ್ದಳು. ಎಡಗೆನ್ನೆ ಪೂರ್ತಿ ತೆರೆದಿತ್ತು. ತಡವಾಗಿ ಮುಚ್ಚುವ ಆ ಕಣ್ಣಿನ ಕೆಳಗೆ ಪುಟ್ಟ ಪುಟ್ಟ ನಕ್ಷತ್ರದ ಸ್ಟಿಕ್ಕರುಗಳ ಸಾಲು.

ಬೆಳಿಗ್ಗೆಯಿಂದ ಸಂಜೆಯವರೆಗೆ ಆಕೆ ಮಾಡುವ ಕೆಲಸವೆಲ್ಲ ಮೈಮೇಲಿತ್ತು, ಆಕೆ ಅದನ್ನು ಉಟ್ಟುಕೊಂಡು ರಾಣಿಯ ಹಾಗೆ ನಡೆಯುತ್ತಿದ್ದಳು. ಇವಳನ್ನು ನಿಲ್ಲಿಸಲೇಬೇಕು ಅನ್ನಿಸಿತು. ಅದೇ ಹೊತ್ತಿಗೆ ಅನುಮಾನವೂ ಬಂತು. ಇದು ನನ್ನ ಕಣ್ಣಾ, ಅಥವಾ ತಪ್ಪು ಮಾಡಿದೆನೆಂಬ ಸಂಕಟವಾ? ನನ್ನ ಮಗಳ ಕಾಲಿಗೆ ಬೂಟು ಹಾಕುವ ಕೈಗಳೆಂಬ ಪ್ರೀತಿಯಾ? ಯೋಚಿಸುತ್ತ ಕ್ಯಾಮೆರಾ ಎತ್ತಿದರೆ ಪರದೆ ಕಪ್ಪಾಗಿತ್ತು. ಬ್ಯಾಟರಿ ಸತ್ತಿತ್ತು. ಕೈಗವುಸು ಹಲ್ಲಿನಲ್ಲಿ ಕಚ್ಚಿ ಎಳೆದು, ಸ್ವೆಟರಿನೊಳಗೆ ಕೈಹಾಕಿ ತಡಕಾಡಿದೆ.

ಇನ್ನೊಂದು ಬ್ಯಾಟರಿ ಹಾಕಿ ತಲೆ ಎತ್ತಿದಾಗ ಆಕೆ ನಿಂತಿದ್ದಳು. ಯಾರೋ ನಿಲ್ಲಿಸಿದ್ದರು.

ತರಕಾರಿ ಚೀಲ ಹಿಡಿದ, ಅರವತ್ತರ ಆಸುಪಾಸಿನ ಸ್ವೀಡನ್ನಿನ ಹೆಂಗಸು. ಈ ದೇಶದಲ್ಲಿ ಒಂದೇ ಟ್ರಾಮಿನಲ್ಲಿ ವರ್ಷಗಟ್ಟಲೆ ಜೊತೆಗೆ ಓಡಾಡಿದವರೂ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಆ ಹೆಂಗಸು ಚೀಲವನ್ನು ಹಿಮದ ಮೇಲೇ ಇಟ್ಟು, ಕೆಂಪೇರಿದ ಮುಖದಲ್ಲಿ, ಕ್ಷಮಿಸಿ, ಒಂದು ಫೋಟೋ ತೆಗೆಯಬಹುದಾ ಎಂದು ಕೇಳುತ್ತಿದ್ದಳು. ನನ್ನ ಸ್ನೇಹಿತೆ ತಲೆಬಾಗಿಸಿ ಒಪ್ಪಿ, ಪಕ್ಕದ ಬರಿಗೋಡೆಗೆ ಸರಿದು, ಪಾದಗಳನ್ನು ಕೊಂಚ ಒಳಮುಖ ಮಾಡಿ, ಕೈಗಳನ್ನು ಇಳಿಬಿಟ್ಟು ನಿಂತಳು. ಫೋನಿನಲ್ಲಿ ನೋಡಿದ್ದ ಆ ಹುಡುಗಿಯ ಗಾಂಭೀರ್ಯ ಈಗ ಇಲ್ಲಿ, ಈ ವಯಸ್ಸಿನ ಮೈಯಲ್ಲಿ ನಿಂತಿತ್ತು. ನಗಲಿಲ್ಲ. ಮುಖ ನೇರವಾಗಿ ಮುಂದಕ್ಕಿತ್ತು.

ಆ ಹೆಂಗಸು ಎರಡೂ ಕೈಯಲ್ಲಿ ಫೋನು ಹಿಡಿದು ತೀರಾ ಹತ್ತಿರ ಹೋದಳು.

"ಇನ್ನೂ ಹಿಂದೆ ಹೋಗಿ" ಎಂದಳು ನನ್ನ ಸ್ನೇಹಿತೆ, ತುಟಿ ಅಲುಗಿಸಿದಳೋ ಇಲ್ಲವೋ ಎಂಬಂತೆ. "ಬೂಟು ಬರಬೇಕು. ಇನ್ನೂ ಸ್ವಲ್ಪ. ಈಗ ತೆಗೀರಿ."

ಹೆಂಗಸು ಹಿಮದಲ್ಲಿ ಹಿಂದೆ ಹಿಂದೆ ಹೆಜ್ಜೆಯಿಟ್ಟು ನನ್ನ ಕಾಲ ಮೇಲೆ ಬರುವುದರಲ್ಲಿದ್ದಳು. ನಾನು ಆಗಲೇ ಬಂದು ಅವಳ ಹಿಂದೆ ನಿಂತಿದ್ದೆ, ಎರಡನೆಯವಳಾಗಿ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನ ಅನುಮಾನಕ್ಕೆ ಉತ್ತರ ಕೊಡಲು ನನ್ನ ಗುರುತೂ ಇಲ್ಲದ ಒಬ್ಬಳು ತರಕಾರಿ ಕೊಳ್ಳಲು ಹೊರಟು ಬಂದಿದ್ದಳು. ಅವಳು ತೆಗೆದದ್ದನ್ನು ನೋಡಿಕೊಂಡು, ಧನ್ಯವಾದ ಹೇಳಿ, ಚೀಲ ಎತ್ತಿಕೊಂಡು ಹೊರಟಳು.

ನನ್ನ ಸರದಿ ಬಂತು. ಹಿಂದಿನ ವಾರಗಳಲ್ಲಿ ಮನೆಯ ಕನ್ನಡಿಯ ಮುಂದೆ ಹೇಳಿ ಹೇಳಿ ರೂಢಿಮಾಡಿಕೊಂಡಿದ್ದ ಮಾತನ್ನು ಹೇಳಿದೆ.

"ಕ್ಷಮಿಸಿ, ನಿಮ್ಮದೊಂದು ಫೋಟೋ ತೆಗೆಯಬಹುದಾ?"

ಆಕೆ ನನ್ನನ್ನು ಹಿಂದೆಂದೂ ಕಾಣದವಳ ಹಾಗೆ ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಚೌಕದ ಆಚೆ ತಿರುವಿನಲ್ಲಿ ಟ್ರಾಮು ಕಾಣಿಸುತ್ತಿತ್ತು, ಅದರ ಕಡೆಗೂ ನೋಡಿದಳು.

"ಬೇಗ ಆಗುತ್ತಾ?" ಎಂದಳು. "ನನಗೆ ಹೋಗೋದಿದೆ."